ಗಾಡಿ ನಡುಗಿದರೆ ಮೊದಲು ಎಣಿಸಿ

ನಮ್ಮ ಮಾಮು ಅವರ ಗಾಡಿ ಏಳು ಸೀಟಿನ ಡೀಸೆಲ್ ಗಾಡಿ. ತೆಗೆದುಕೊಂಡು ಇನ್ನೂ ವರ್ಷ ತುಂಬಿಲ್ಲ, ಓಡಿದ್ದು 14 ಸಾವಿರ ಕಿಲೋಮೀಟರ್. ಭೀಮರಾಯನಗುಡಿ, ಶಹಾಪುರ ಮತ್ತು ಸುತ್ತಲಿನ ಹಳ್ಳಿಗಳ ಜನರನ್ನು ಜೇವರ್ಗಿ ದಾರಿಯಲ್ಲಿ ಕಲಬುರಗಿಯ ಆಸ್ಪತ್ರೆಗಳಿಗೆ, ಇಲ್ಲವೇ ಯಾದಗಿರಿಯ ರೈಲು ನಿಲ್ದಾಣಕ್ಕೆ ಕರೆದುಕೊಂಡು ಹೋಗುವ ಬಾಡಿಗೆ ಗಾಡಿ. ಮನೆಯ ಖರ್ಚು ಮತ್ತು ಸಾಲದ ಕಂತು ಎರಡೂ ಅದರ ಮೇಲೆಯೇ ನಿಂತಿವೆ.

ಆ ಗಾಡಿಗೆ ಒಂದು ನಡುಕ ಹಿಡಿಯಿತು. ನಿಧಾನ ಹೋದರೆ ಏನೂ ಇಲ್ಲ. 65 ದಾಟಿದ ಮೇಲೆ ನೆಲ ಜುಮ್ಮೆನ್ನಲು ಶುರುವಾಗಿ, 70ರಿಂದ 78ರ ನಡುವೆ ನಡುವಿನ ಸೀಟಿನಲ್ಲಿ ಕುಳಿತವರ ಬೆನ್ನಿಗೆ ಚೆನ್ನಾಗಿಯೇ ತಾಗುತ್ತಿತ್ತು. ಟ್ಯಾಕ್ಸಿಯಾದ್ದರಿಂದ 80 ದಾಟದಂತೆ ಸ್ಪೀಡ್ ಗವರ್ನರ್ ಇದೆ. ಅಂದರೆ ದೂರದ ಪ್ರಯಾಣದಲ್ಲಿ ಗಾಡಿ ಹೆಚ್ಚು ಹೊತ್ತು ಓಡುವ ವೇಗವೂ ನಡುಕದ ವೇಗವೂ ಒಂದೇ. ಹೊಟ್ಟೆಯ ಆಪರೇಷನ್ ಆಗಿ ಮರಳುತ್ತಿದ್ದ ಒಬ್ಬ ಅಜ್ಜಿಗಾಗಿ ಮಾಮು ಕಲಬುರಗಿಯಿಂದ ಊರತನಕ 55ರಲ್ಲೇ ಬಂದರು. ಖಾಯಂ ಗಿರಾಕಿಗಳಲ್ಲಿ ಇಬ್ಬರು ಬೇರೆ ಗಾಡಿ ಹಿಡಿದರು.

ರಿಪೇರಿ ಮಾಡಿಸಲಿಲ್ಲ ಎಂದಲ್ಲ. ಮೂರು ಸಲ ವ್ಹೀಲ್ ಬ್ಯಾಲೆನ್ಸಿಂಗ್, ಒಂದು ಸಲ ಅಲೈನ್‌ಮೆಂಟ್, ಆಮೇಲೆ ಎರಡು ಹೊಸ ಟೈರು. ನಡುಕ ಹೋಗಲಿಲ್ಲ. ಒಂದು ಕಡೆ ‘ಈ ಮಾಡೆಲ್ಲೇ ಹೀಗೆ’ ಎಂದರು. ಇನ್ನೊಂದು ಕಡೆ ಗೇರ್‌ಬಾಕ್ಸ್ ಬಿಚ್ಚಿ ನೋಡೋಣ, ಹತ್ತು ದಿನ ಗಾಡಿ ಬಿಡಿ ಎಂದರು. ಹತ್ತು ದಿನ ಗಾಡಿ ನಿಂತರೆ ಆ ತಿಂಗಳ ಕಂತು ಕಟ್ಟುವುದು ಕಷ್ಟ. ಹಾಗಾಗಿ ಏನನ್ನಾದರೂ ಬಿಚ್ಚುವ ಮೊದಲು ಏನನ್ನೂ ಬಿಚ್ಚದೆ ಎಷ್ಟು ತಿಳಿಯಬಹುದು ಎಂದು ನೋಡಿದೆವು. ‘ನೋಡಿದೆವು’ ಎಂದರೆ ನಾನು, ಮಾಮು, ಮತ್ತು ಮಾಮು ಅವರ ಹಳೆಯ ಗಾಡಿಯನ್ನು ವರ್ಷಗಟ್ಟಲೆ ನೋಡಿಕೊಂಡ ಒಬ್ಬ ಉಸ್ತಾದರು. ನಮ್ಮ ಭೌತಶಾಸ್ತ್ರದ ಉಪನ್ಯಾಸಕರು ಲೆಕ್ಕಗಳನ್ನು ತಿದ್ದಿಕೊಟ್ಟರು.

ಕೆಲಸವೆಲ್ಲ ನಿಂತಿದ್ದು ಒಂದು ಸರಳ ವಿಷಯದ ಮೇಲೆ. ಓಡುವ ಗಾಡಿಯಲ್ಲಿ ತಿರುಗುವ ಭಾಗಗಳು ಹಲವು, ಆದರೆ ಎಲ್ಲವೂ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಗಾಲಿಗೆ ಒಂದು ವೇಗ, ಎಂಜಿನ್ನಿಗೆ ಇನ್ನೊಂದು, ಎಂಜಿನ್ನಿನ ಬಲವನ್ನು ಹಿಂದಿನ ಗಾಲಿಗಳಿಗೆ ಒಯ್ಯುವ ಉದ್ದನೆಯ ಕೊಳವೆಗೆ, ಅಂದರೆ ಪ್ರೊಪೆಲ್ಲರ್ ಶಾಫ್ಟಿಗೆ, ಮತ್ತೊಂದು. ಯಾವ ಭಾಗದಲ್ಲಿ ತೂಕ ಒಂದು ಕಡೆಗೆ ವಾಲಿದೆಯೋ ಅದು ತಾನು ಒಂದು ಸುತ್ತು ತಿರುಗಿದಾಗಲೆಲ್ಲ ಗಾಡಿಯನ್ನು ಒಂದು ಸಲ ಜಗ್ಗುತ್ತದೆ. ಆದ್ದರಿಂದ ಗಾಡಿ ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆ ಎಂದು ಗೊತ್ತಾದರೆ, ಅಷ್ಟೇ ಸಲ ತಿರುಗುವ ಭಾಗ ಯಾವುದು ಎಂದು ಹುಡುಕಿದರಾಯಿತು. ಸೆಕೆಂಡಿಗೆ ಎಷ್ಟು ಸಲ ಎಂಬುದಕ್ಕೆ ನಾವು ಕ್ಲಾಸಿನಲ್ಲಿ ಆವೃತ್ತಿ ಅಥವಾ ಫ್ರೀಕ್ವೆನ್ಸಿ ಎನ್ನುತ್ತೇವೆ, ಅಳತೆ ಹರ್ಟ್ಜ್.

ಉಸ್ತಾದರಿಗೆ ಹರ್ಟ್ಜ್ ಬೇಕಿರಲಿಲ್ಲ. ಒಂದು ರೌಂಡ್ ಹೋಗಿ ಬಂದು ಹೇಳಿದರು: “ಮುಂದಿನ ಗಾಲಿ ಅಲ್ಲ ಬೇಟಾ. ಮುಂದಿನ ಗಾಲಿ ಆಗಿದ್ರ ಸ್ಟೇರಿಂಗ್ ಕುಣೀತಿತ್ತು. ಇದು ಸೀಟಿನ ಕೆಳಗಿಂದ ಬರ್ಲಾಕತ್ತದ. ಮತ್ತ ಗಾಲಿದು ಇಷ್ಟು ಸಣ್ಣ ಇರಂಗಿಲ್ಲ.” ‘ಸಣ್ಣ’ ಎಂದರೆ ಕಡಿಮೆ ಎಂದಲ್ಲ, ಒತ್ತೊತ್ತಾದ ನಡುಕ ಎಂದರ್ಥ. ಗಾಲಿಯ ನಡುಕ ದೊಡ್ಡದು, ಬಿಡಿಬಿಡಿಯಾದದ್ದು. ಅದು ಕೈಗೆ ತಿಳಿಯುತ್ತದೆ. ಇದು ಜುಮ್ ಎನ್ನುವ ಜಾತಿಯದು. ನಲವತ್ತು ವರ್ಷ ಗಾಡಿ ಮುಟ್ಟಿದ ಕೈಗೆ ಅಷ್ಟು ಸಾಕು. ನನ್ನ ಕೈಗೆ ಆ ಅನುಭವ ಇಲ್ಲದ್ದರಿಂದ ನಾನು ಎಣಿಸಬೇಕಾಯಿತು.

ಮೊದಲ ಎಣಿಕೆ ಗಾಲಿಯದು. ಹಿಂದಿನ ಟೈರಿನ ಮೇಲೆ, ಅದಕ್ಕೆ ಸರಿಯಾಗಿ ನೆಲದ ಮೇಲೆ, ಸುಣ್ಣದ ಕಡ್ಡಿಯಿಂದ ಗುರುತು ಹಾಕಿ, ಗಾಲಿ ಒಂದು ಪೂರ್ತಿ ಸುತ್ತು ಬರುವತನಕ ಗಾಡಿ ತಳ್ಳಿದೆವು. ಟೇಪಿನಲ್ಲಿ 2.15 ಮೀಟರ್ ಬಂತು. ಟೈರಿನ ಮೇಲೆ ಬರೆದ ಅಳತೆಯಿಂದ ಲೆಕ್ಕ ಹಾಕಿದರೆ ಇದಕ್ಕಿಂತ ಸ್ವಲ್ಪ ಹೆಚ್ಚು ಬರುತ್ತದೆ. ಗಾಡಿಯ ಭಾರಕ್ಕೆ ಟೈರು ಕೆಳಗೆ ಚಪ್ಪಟೆಯಾಗುವುದು ಅದಕ್ಕೆ ಕಾರಣ, ಹಾಗಾಗಿ ತಳ್ಳಿ ಅಳೆಯುವುದೇ ಒಳ್ಳೆಯದು. ಗಂಟೆಗೆ 75 ಕಿ.ಮೀ. ಎಂದರೆ ಸೆಕೆಂಡಿಗೆ 20.8 ಮೀಟರ್. ಅದನ್ನು 2.15ರಿಂದ ಭಾಗಿಸಿದರೆ ಗಾಲಿ ಸೆಕೆಂಡಿಗೆ 9.7 ಸುತ್ತು.

ಎರಡನೆಯದು ಶಾಫ್ಟಿನದು. ಹಿಂದಿನ ಅಚ್ಚಿನ ನಡುವೆ ಗುಂಡಗೆ ಕಾಣುವ ಡಿಫರೆನ್ಷಿಯಲ್ ಒಳಗೆ ಶಾಫ್ಟಿನ ತುದಿಯ ಸಣ್ಣ ಹಲ್ಲುಗಾಲಿ ಒಂದು ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಸಣ್ಣದು ಹಲವು ಸುತ್ತು ಹಾಕಿದಾಗ ದೊಡ್ಡದು ಒಂದು ಸುತ್ತು. ಈ ಅನುಪಾತ ಎಷ್ಟೆಂದು ತಿಳಿಯಲು ಪುಸ್ತಕ ನೋಡಬಹುದು, ಇಲ್ಲವೇ ನಾವು ಮಾಡಿದ ಹಾಗೆ ಎಣಿಸಬಹುದು. ಸಮತಟ್ಟು ನೆಲದ ಮೇಲೆ ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಹಿಂದಿನ ಒಂದು ಗಾಲಿ ಮಾತ್ರ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದೆವು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಬಾರದು, ಇದನ್ನು ಉಸ್ತಾದರು ಎರಡು ಸಲ ಹೇಳಿದರು. ಇಲ್ಲಿ ಡಿಫರೆನ್ಷಿಯಲ್ಲಿನ ಒಂದು ಸೊಗಸು ಇದೆ. ಒಂದು ಗಾಲಿ ನೆಲದ ಮೇಲೆ ನಿಂತಿದ್ದರೆ, ಎತ್ತಿದ ಗಾಲಿ ಎರಡು ಸುತ್ತು ಹಾಕಿದಾಗ ಒಳಗಿನ ದೊಡ್ಡ ಹಲ್ಲುಗಾಲಿ ಒಂದೇ ಸುತ್ತು ಹಾಕುತ್ತದೆ, ಎರಡು ಗಾಲಿಗಳ ಸರಾಸರಿ ಅದರ ವೇಗ. ನಾನು ಗಾಲಿಯನ್ನು 20 ಸುತ್ತು ತಿರುಗಿಸಿದೆ, ಮಾಮು ಶಾಫ್ಟಿನ ಮೇಲಿನ ಸುಣ್ಣದ ಗೆರೆ ನೋಡುತ್ತ ಎಣಿಸಿದರು. 41 ಸುತ್ತು. ಹತ್ತಕ್ಕೆ ನಲವತ್ತೊಂದು, ಅಂದರೆ ಅನುಪಾತ 4.1. ಆದ್ದರಿಂದ 75ರ ವೇಗದಲ್ಲಿ ಶಾಫ್ಟ್ ಸೆಕೆಂಡಿಗೆ 39.7 ಸುತ್ತು ತಿರುಗುತ್ತದೆ.

ಮೂರನೆಯದು ಎಂಜಿನ್. ಇದಕ್ಕೆ ಮೀಟರ್ ಗಾಡಿಯಲ್ಲೇ ಇದೆ. ಐದನೇ ಗೇರಿನಲ್ಲಿ 75ಕ್ಕೆ ಅದು ನಿಮಿಷಕ್ಕೆ 1,900 ತೋರಿಸುತ್ತಿತ್ತು, ಅಂದರೆ ಸೆಕೆಂಡಿಗೆ 31.7 ಸುತ್ತು. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ಎರಡು ಸಲ ಇಂಧನ ಉರಿಯುವುದರಿಂದ ಅದರ ಮುಖ್ಯ ಮಿಡಿತ 63ರ ಹತ್ತಿರ ಬರುತ್ತದೆ.

ಹೀಗೆ ನಮ್ಮ ಕೈಯಲ್ಲಿ ಮೂವರು ಆರೋಪಿಗಳ ವಿಳಾಸ ಇತ್ತು: ಗಾಲಿ 9.7, ಎಂಜಿನ್ 31.7 ಮತ್ತು 63, ಶಾಫ್ಟ್ 39.7. ಶಾಫ್ಟಿನ ಜಾಯಿಂಟುಗಳಿಗೆ ಇನ್ನೊಂದು ವಿಳಾಸವೂ ಉಂಟು, ಅದನ್ನು ಮುಂದೆ ಹೇಳುತ್ತೇನೆ.

ನಡುಕವನ್ನು ಎಣಿಸಲು ಬೇಕಾದ ಯಂತ್ರ ನಮ್ಮೆಲ್ಲರ ಜೇಬಿನಲ್ಲಿದೆ. ಫೋನನ್ನು ಅಡ್ಡ ಹಿಡಿದರೆ ಪರದೆ ಅಡ್ಡಕ್ಕೆ ತಿರುಗುತ್ತದಲ್ಲ, ಅದನ್ನು ಗುರುತಿಸುವ ಆಕ್ಸೆಲರೋಮೀಟರ್ ಎಂಬ ಚಿಪ್ ನಡುಕವನ್ನೂ ಅಳೆಯುತ್ತದೆ. ಜರ್ಮನಿಯ ಆಖೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಆ ಅಳತೆಯನ್ನು ತೆಗೆದುಕೊಂಡು, ಅದರಲ್ಲಿ ಯಾವ ಯಾವ ಆವೃತ್ತಿ ಎಷ್ಟೆಷ್ಟು ಇದೆ ಎಂದು ಬಿಡಿಸಿ ತೋರಿಸುತ್ತದೆ. ಬಿಡಿಸುವ ಗಣಿತ ಫ್ರಾನ್ಸಿನ ಫೂರಿಯೆ ಎಂಬಾತನದು. ಹೇಗೆಂದು ಕೇಳುವ ಕಲಾ ವಿಭಾಗದ ಸ್ನೇಹಿತರಿಗೆ ಒಂದು ಉದಾಹರಣೆ: ಮಗ್ರಿಬ್ ಹೊತ್ತಿಗೆ ನಾಲ್ಕು ಮಸೀದಿಗಳಿಂದ ಅಜಾನ್ ಒಟ್ಟಿಗೇ ಕೇಳಿಬರುತ್ತದೆ. ಗಾಳಿಯಲ್ಲಿ ಎಲ್ಲ ಬೆರೆತೇ ಬಂದರೂ ನಮ್ಮ ಓಣಿಯ ಮುಅಜ್ಜಿನ್ ಸಾಹೇಬರ ದನಿಯನ್ನು ಕಿವಿ ಬೇರೆ ಮಾಡಿ ಹಿಡಿಯುತ್ತದೆ. ಆ್ಯಪ್ ಮಾಡುವುದೂ ಸುಮಾರಾಗಿ ಅದೇ ಕೆಲಸ.

ಎರಡು ಎಚ್ಚರ ಬೇಕು. ಫೋನನ್ನು ಸೀಟಿನ ಮೇಲೆ ಇಟ್ಟರೆ ಫೋಮು ನಡುಕವನ್ನು ನುಂಗುತ್ತದೆ, ಕೈಯಲ್ಲಿ ಹಿಡಿದರೆ ಕೈ ನುಂಗುತ್ತದೆ. ನಡುವಿನ ಸೀಟಿನ ಬೋಲ್ಟು ನೆಲಕ್ಕೆ ಕೂತ ಜಾಗದಲ್ಲಿ ಎರಡು ಕಡೆ ಅಂಟುವ ಟೇಪಿನಿಂದ ಗಟ್ಟಿಯಾಗಿ ಅಂಟಿಸಬೇಕು. ಇನ್ನೊಂದು, ನನ್ನ ಫೋನ್ ಸೆಕೆಂಡಿಗೆ 200 ಸಲ ಅಳೆಯುತ್ತದೆ. ಅಳೆಯುವ ಸಲಗಳ ಅರ್ಧದಷ್ಟು ಆವೃತ್ತಿಯವರೆಗೆ ಮಾತ್ರ ನಂಬಬಹುದು, ಅಂದರೆ 100 ಹರ್ಟ್ಜ್ ತನಕ. ನಮಗೆ ಅಷ್ಟು ಸಾಕು. ಸೆಕೆಂಡಿಗೆ 50 ಸಲ ಮಾತ್ರ ಅಳೆಯುವ ಹಳೆಯ ಫೋನಿನಲ್ಲಿ 40ರ ನಡುಕ ತಪ್ಪಾಗಿ 10ರ ಜಾಗದಲ್ಲಿ ಕಾಣುತ್ತದೆ. ಆಗ ಶಾಫ್ಟಿನ ತಪ್ಪು ಗಾಲಿಯ ತಲೆಗೆ ಬರುತ್ತದೆ! ಮೊದಲು ಇದನ್ನು ನೋಡಿಕೊಳ್ಳಿ.

ಫಜ್ರ್ ನಮಾಜಿನ ನಂತರ, ರಸ್ತೆ ಖಾಲಿ ಇರುವಾಗ ಹೊರಟೆವು. ಮಾಮು ಗಾಡಿ ಮಾತ್ರ ಓಡಿಸುವುದು, ಫೋನ್ ಮುಟ್ಟುವುದು ಹಿಂದೆ ಕುಳಿತ ನಾನು, ಇದು ಕರಾರು. ವೇಗಕ್ಕೆ ಗಾಡಿಯ ಮೀಟರನ್ನಲ್ಲ, ಜಿಪಿಎಸ್ ಅನ್ನು ನಂಬಿದೆವು, ಏಕೆಂದರೆ ಗಾಡಿಯ ಮೀಟರ್ ಸಾಮಾನ್ಯವಾಗಿ ಸ್ವಲ್ಪ ಹೆಚ್ಚೇ ತೋರಿಸುತ್ತದೆ. 75ರಲ್ಲಿ ಸ್ಥಿರವಾಗಿ ಹತ್ತು ಸೆಕೆಂಡು ಓಡಿಸಿದಾಗ ಪರದೆಯ ಮೇಲೆ ಎರಡು ಶಿಖರ ಎದ್ದವು. ಒಂದು ಗಿಡ್ಡ, 9.7ರಲ್ಲಿ. ಇನ್ನೊಂದು ಅದರ ನಾಲ್ಕು ಪಟ್ಟು ಎತ್ತರ, 39.6ರಲ್ಲಿ. ವೇಗವನ್ನು 60ಕ್ಕೆ ಇಳಿಸಿದಾಗ ಎತ್ತರದ ಶಿಖರ 31.8ಕ್ಕೆ ಸರಿಯಿತು. 60ಕ್ಕೆ ಶಾಫ್ಟಿನ ಲೆಕ್ಕ ಹಾಕಿ ನೋಡಿ, ಅದೇ ಬರುತ್ತದೆ.

ಆದರೂ ಎಂಜಿನ್ ಅಲ್ಲ ಎಂದು ಖಚಿತ ಮಾಡಿಕೊಳ್ಳಬೇಕಿತ್ತು. ನಾಲ್ಕನೇ ಗೇರಿನಲ್ಲಿ ನೋಡುವಂತಿಲ್ಲ. ಇಂಥ ಗಾಡಿಗಳ ಐದು ಗೇರಿನ ಪೆಟ್ಟಿಗೆಯಲ್ಲಿ ನಾಲ್ಕನೆಯದು ಸಾಮಾನ್ಯವಾಗಿ ನೇರ ಗೇರು, ಎಂಜಿನ್ನೂ ಶಾಫ್ಟೂ ಒಂದೇ ವೇಗದಲ್ಲಿ ತಿರುಗುತ್ತವೆ, ಆಗ ಇಬ್ಬರ ವಿಳಾಸವೂ ಒಂದೇ ಆಗಿಬಿಡುತ್ತದೆ. ಅದಕ್ಕೆ 78ರಿಂದ ನ್ಯೂಟ್ರಲ್ ಮಾಡಿ ಗಾಡಿಯನ್ನು ತಾನಾಗಿ ಉರುಳಲು ಬಿಟ್ಟೆವು. ಎಂಜಿನ್ ಐಡ್ಲಿಂಗಿಗೆ ಇಳಿಯಿತು, ನಡುಕ ಇಳಿಯಲಿಲ್ಲ. ಆಮೇಲೆ ನಿಂತ ಗಾಡಿಯಲ್ಲಿ ಎಂಜಿನ್ನನ್ನು 1,900ಕ್ಕೂ 2,400ಕ್ಕೂ ಏರಿಸಿ ನೋಡಿದೆವು, ನೆಲ ಶಾಂತವಾಗಿತ್ತು. ಉರುಳುವಾಗ ಎಂಜಿನ್ ಆಫ್ ಮಾಡಬಾರದು. ಆಫ್ ಮಾಡಿದರೆ ಬ್ರೇಕು ಸ್ಟೇರಿಂಗು ಎರಡೂ ಬಿಗಿಯಾಗುತ್ತವೆ. ಗೇರ್‌ಬಾಕ್ಸ್ ಬಿಚ್ಚುವ ಮಾತು ಅಲ್ಲಿಗೆ ಮುಗಿಯಿತು.

ಗಿಡ್ಡ ಶಿಖರದ ಕಾರಣ ಮೊದಲು ಸಿಕ್ಕಿತು. ಅದು ನಮ್ಮ ಮಣ್ಣು. ನಾರಾಯಣಪುರದ ಕಾಲುವೆ ನೀರು ಬಂದ ಮೇಲೆ ನಮ್ಮ ಕಡೆ ಭತ್ತದ ಗದ್ದೆಗಳಾಗಿವೆ, ಗದ್ದೆಯ ದಾರಿಗಳಲ್ಲಿ ಎರೆಮಣ್ಣು. ಹಸಿಯಿದ್ದಾಗ ಅಂಟು, ಒಣಗಿದರೆ ಕಲ್ಲು. ಹಿಂದಿನ ಎಡ ಗಾಲಿಯ ರಿಮ್ಮಿನ ಒಳಮೈಯಲ್ಲಿ, ಹೊರಗಿನಿಂದ ಕಾಣದ ಕಡೆ, ಅಂಗೈ ಅಗಲದ ಒಣಮಣ್ಣು ಕೂತಿತ್ತು. ಗಾಡಿ ತೊಳೆಯುವವರು ಹೊರಮೈಗೆ ನೀರು ಹೊಡೆಯುತ್ತಾರೆ, ಒಳಗೆ ಯಾರೂ ನೋಡುವುದಿಲ್ಲ. ಕೆರೆದು ತೊಳೆದ ಮೇಲೆ 9.7ರ ಶಿಖರ ಕಾಣದಷ್ಟಾಯಿತು. ಗದ್ದೆ ದಾರಿಯಲ್ಲಿ ಓಡಾಡುವ ಟ್ರ್ಯಾಕ್ಟರು, ಜೀಪು, ಕಾರು ಯಾವುದೇ ಇರಲಿ, ಬ್ಯಾಲೆನ್ಸಿಂಗಿಗೆ ದುಡ್ಡು ಕೊಡುವ ಮೊದಲು ಗಾಲಿಯ ಒಳಮೈ ಒಮ್ಮೆ ನೋಡಿ. ಎತ್ತರದ ಶಿಖರ ಮಾತ್ರ ಹಾಗೇ ನಿಂತಿತ್ತು.

ಈಗ ಶಾಫ್ಟಿನ ವಿಷಯಕ್ಕೆ ಬರೋಣ. ಅದರ ಎರಡೂ ತುದಿಗೆ ಕ್ರಾಸ್ ಜಾಯಿಂಟ್ ಇರುತ್ತದೆ, ಪ್ಲಸ್ ಗುರುತಿನ ಆಕಾರದ ಕಬ್ಬಿಣ, ನಾಲ್ಕು ತುದಿಗೂ ಬೇರಿಂಗು. ರಸ್ತೆಯ ಏರಿಳಿತಕ್ಕೆ ಹಿಂದಿನ ಅಚ್ಚು ಮೇಲೆ ಕೆಳಗೆ ಹೋಗುವಾಗ ಶಾಫ್ಟಿನ ಕೋನ ಬದಲಾಗುತ್ತದೆ, ತಿರುಗುವುದು ನಿಲ್ಲುವುದಿಲ್ಲ, ಇದು ಈ ಜಾಯಿಂಟಿನ ಕೆಲಸ. 16ನೇ ಶತಮಾನದ ಇಟಲಿಯ ಕಾರ್ಡಾನೊನ ಹೆಸರು ಇದಕ್ಕೆ ಅಂಟಿಕೊಂಡಿದೆ. ತಿರುಗುವಿಕೆಯನ್ನು ಒಯ್ಯಲು ಇದನ್ನು ಬಳಸುವ ಬಗ್ಗೆ 1676ರಲ್ಲಿ ಬರೆದವನು ರಾಬರ್ಟ್ ಹುಕ್, ಸ್ಪ್ರಿಂಗಿನ ಪಾಠದಲ್ಲಿ ನಾವು ಓದುವ ಹುಕ್‌ನ ನಿಯಮದ ಅದೇ ಹುಕ್.

ಈ ಜಾಯಿಂಟಿಗೆ ಒಂದು ಗುಣ ಇದೆ. ಕೋನದಲ್ಲಿ ತಿರುಗುವಾಗ ಈ ಕಡೆ ಒಂದೇ ವೇಗ ಇದ್ದರೂ ಆ ಕಡೆಯ ವೇಗ ಒಂದು ಸುತ್ತಿನಲ್ಲಿ ಎರಡು ಸಲ ಹೆಚ್ಚಿ ಎರಡು ಸಲ ತಗ್ಗುತ್ತದೆ. ಕೋನ 5 ಡಿಗ್ರಿ ಇದ್ದರೆ ಏರಿಳಿತ ಶೇಕಡಾ 0.4ರ ಹತ್ತಿರ, 5 ಡಿಗ್ರಿಯ ಕೊಸೈನ್ 0.9962 ಎಂಬುದರಿಂದ ಬರುವ ಲೆಕ್ಕ ಅದು. ಅದಕ್ಕೇ ಇನ್ನೊಂದು ತುದಿಗೂ ಅಂಥದೇ ಜಾಯಿಂಟ್ ಇಡುತ್ತಾರೆ. ಎರಡೂ ಕಡೆ ಕೋನ ಒಂದೇ ಇದ್ದು, ಶಾಫ್ಟಿನ ಎರಡು ತುದಿಯ ಕವಲುಗಳು ಒಂದೇ ನೇರದಲ್ಲಿದ್ದರೆ, ಒಂದರ ಏರಿಳಿತವನ್ನು ಇನ್ನೊಂದು ಕಳೆಯುತ್ತದೆ. ಯಾರಾದರೂ ಶಾಫ್ಟನ್ನು ಬಿಚ್ಚಿ ಒಂದು ಹಲ್ಲು ಆಚೀಚೆ ಜೋಡಿಸಿದ್ದರೆ ಕಳೆಯುವುದಿಲ್ಲ, ಆಗ ನಡುಕ ಶಾಫ್ಟಿನ ಎರಡು ಪಟ್ಟಿನಲ್ಲಿ, ನಮ್ಮ ಲೆಕ್ಕದಲ್ಲಿ 79ರಲ್ಲಿ, ಕಾಣಬೇಕು. ನಮ್ಮ ಪರದೆಯಲ್ಲಿ 79ರ ಜಾಗ ಬೋಳಾಗಿತ್ತು. ಉಸ್ತಾದರು ಕೆಳಗೆ ಮಲಗಿ ಕವಲುಗಳ ನೇರ ನೋಡಿದರು, ಶಾಫ್ಟನ್ನು ಹಿಡಿದು ಅಲುಗಾಡಿಸಿದರು. ಕ್ರಾಸ್ ಸವೆದಿದ್ದರೆ ಗೇರಿಗೆ ಹಾಕುವಾಗ, ರಿವರ್ಸಿನಿಂದ ಮುಂದಕ್ಕೆ ಬದಲಿಸುವಾಗ ‘ಟಕ್’ ಎನ್ನುತ್ತದೆ. ಅದೂ ಇರಲಿಲ್ಲ.

ಹಾಗಾದರೆ ಉಳಿದಿದ್ದು ಒಂದೇ. ಸುತ್ತಿಗೆ ಒಂದೇ ಸಲ ಜಗ್ಗುತ್ತಿದೆ ಎಂದರೆ ಶಾಫ್ಟಿನ ತೂಕ ಒಂದು ಕಡೆ ವಾಲಿದೆ, ಅಥವಾ ಶಾಫ್ಟ್ ಬಾಗಿದೆ. ಹೊಸ ಗಾಡಿ, ಎಲ್ಲಿಯೂ ತಾಗಿಲ್ಲ. ಕೆಳಗೆ ಮಲಗಿದ್ದ ಉಸ್ತಾದರು ಅಲ್ಲಿಂದಲೇ ಕೇಳಿದರು: “ಭಾಯ್, ಈ ಕರೀ ಕೋಟಿಂಗ್ ಯಾವಾಗ ಮಾಡ್ಸೀರಿ?”

ತುಕ್ಕು ಹಿಡಿಯದಿರಲೆಂದು ಹೊಸ ಗಾಡಿಯ ತಳಕ್ಕೆ ಡಾಂಬರಿನಂಥ ಕಪ್ಪು ಪದಾರ್ಥ ಹೊಡೆಸುವುದು ಈಗ ರೂಢಿ. ಮಾಮು ಗಾಡಿ ತೆಗೆದುಕೊಂಡ ಮೂರನೇ ತಿಂಗಳಲ್ಲಿ ಹೊರಗೆ ಒಂದು ಕಡೆ ಹೊಡೆಸಿದ್ದರು. ನಡುಕ ಶುರುವಾದದ್ದು ಯಾವಾಗ ಎಂದು ನೆನಪು ಮಾಡಿಕೊಂಡರೆ, ಅದಾದ ಮೇಲೆಯೇ. ಚಾಸಿಗೆ, ತಗಡಿಗೆ ಅದು ಒಳ್ಳೆಯದೇ. ಆದರೆ ತಿರುಗುವ ಭಾಗಗಳನ್ನು, ಸೈಲೆನ್ಸರನ್ನು, ಬ್ರೇಕನ್ನು ಮುಚ್ಚಿಟ್ಟು ಹೊಡೆಯಬೇಕು. ಇಲ್ಲಿ ಮುಚ್ಚಿರಲಿಲ್ಲ. ಹೊಡೆಯುವಾಗ ಗಾಡಿ ಲಿಫ್ಟಿನ ಮೇಲೆ, ಶಾಫ್ಟ್ ನಿಂತೇ ಇರುತ್ತದೆ, ಸ್ಪ್ರೇ ಕೆಳಗಿನಿಂದ ಬರುತ್ತದೆ. ಹಾಗಾಗಿ ಕೊಳವೆಯ ಕೆಳಮೈಗೆ ಮಾತ್ರ ದಪ್ಪಗೆ ಕೂತು, ಹನಿ ಹನಿಯಾಗಿ ಇಳಿದು, ಒಣಗಿಬಿಟ್ಟಿತ್ತು. ಮೇಲ್ಮೈ ಬಹುಪಾಲು ಬರಿದು. ಒಂದೇ ಕಡೆಗೆ ತೂಕ ಕೂಡಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಇರಲಾರದು.

ಇಷ್ಟು ಚೂರು ಅಂಟು ಏನು ಮಾಡೀತು ಎಂದು ಅನಿಸಬಹುದು. ಲೆಕ್ಕ ಹಾಕಿ. ಕೊಳವೆಯ ನಡುವಿನಿಂದ 4 ಸೆಂ.ಮೀ. ದೂರದಲ್ಲಿ 25 ಗ್ರಾಂ ಹೆಚ್ಚು ತೂಕ ಇದೆ ಎಂದುಕೊಳ್ಳಿ. ಸೆಕೆಂಡಿಗೆ 39.7 ಸುತ್ತು ಎಂದರೆ ಕೋನೀಯ ವೇಗ 249 ರೇಡಿಯನ್. ತೂಕ, ದೂರ, ಮತ್ತು ಕೋನೀಯ ವೇಗದ ವರ್ಗ, ಮೂರನ್ನೂ ಗುಣಿಸಿದರೆ 62 ನ್ಯೂಟನ್. ಆರು ಕಿಲೋ ಅಕ್ಕಿಯ ಚೀಲದ ಭಾರಕ್ಕಿಂತ ಸ್ವಲ್ಪ ಹೆಚ್ಚು. ಅದು ಶಾಫ್ಟನ್ನು ಸೆಕೆಂಡಿಗೆ ನಲವತ್ತು ಸಲ ಸುತ್ತಲೂ ಎಳೆಯುತ್ತದೆ. ವೇಗ ಅರ್ಧವಾದರೆ ಈ ಬಲ ಅರ್ಧವಲ್ಲ, ಕಾಲು ಭಾಗವಾಗುತ್ತದೆ, ವರ್ಗ ಇರುವುದರಿಂದ. ನಿಧಾನಕ್ಕೆ ಹೋದಾಗ ಏನೂ ಗೊತ್ತಾಗದಿದ್ದುದಕ್ಕೆ ಒಂದು ಕಾರಣ ಇದು. ಇನ್ನೊಂದು ಕಾರಣ ಅನುರಣನೆ. ಜೋಕಾಲಿಯನ್ನು ಅದರದೇ ಲಯಕ್ಕೆ ತಳ್ಳಿದರೆ ಸಣ್ಣ ಕೈಯೂ ದೊಡ್ಡದಾಗಿ ತೂಗುತ್ತದೆ. ಗಾಡಿಯ ನೆಲಕ್ಕೂ ಸೀಟಿಗೂ ಹಾಗೆ ಸ್ವಂತ ಲಯ ಇರುತ್ತದೆ, ಶಾಫ್ಟಿನ ಲಯ ಅದಕ್ಕೆ ಹೊಂದಿದ ವೇಗದಲ್ಲಿ ನಡುಕ ಹೆಚ್ಚು.

ಇಲ್ಲಿ ಒಂದು ಹಳೆಯ ಹೆಸರು ಹೇಳಲೇಬೇಕು. ದಿಯಾರ್‌ಬಕೀರಿನ ಅರ್ತುಕಿ ಅರಸರ ಬಳಿ ಇದ್ದ ಯಂತ್ರಶಿಲ್ಪಿ ಇಸ್ಮಾಯಿಲ್ ಅಲ್-ಜಝರಿ 1206ರಲ್ಲಿ ಅರಬ್ಬಿಯಲ್ಲಿ ಒಂದು ದೊಡ್ಡ ಗ್ರಂಥ ಮುಗಿಸಿದ. ನೀರೆತ್ತುವ ಯಂತ್ರ, ಗಡಿಯಾರ, ಕಾರಂಜಿ, ಹೀಗೆ ಹಲವು ಯಂತ್ರಗಳನ್ನು ಮಾಡುವ ಕ್ರಮ ಅದರಲ್ಲಿದೆ. 1974ರಲ್ಲಿ ಅದನ್ನು ಇಂಗ್ಲಿಷಿಗೆ ತಂದ ಡೊನಾಲ್ಡ್ ಹಿಲ್, ಚಕ್ರಗಳನ್ನು ಸಮತೂಕಕ್ಕೆ ತರುವ ಕ್ರಮವನ್ನು ಅಲ್-ಜಝರಿಯ ವಿಶೇಷಗಳಲ್ಲಿ ಒಂದೆಂದು ಗುರುತಿಸಿದ್ದಾನೆ. ಚಕ್ರವನ್ನು ಅಚ್ಚಿನ ಮೇಲೆ ಸಡಿಲ ಬಿಟ್ಟರೆ ಭಾರದ ಕಡೆ ತಾನಾಗಿ ಕೆಳಗೆ ಬರುತ್ತದೆ ಎಂಬುದೇ ಇದರ ತತ್ವ. ಸೈಕಲ್ ಗಾಲಿಯಲ್ಲಿ ನೀವೇ ನೋಡಬಹುದು, ವಾಲ್ವ್ ಇರುವ ಕಡೆ ಬಹಳ ಸಲ ಕೆಳಗೆ ಬಂದು ನಿಲ್ಲುತ್ತದೆ. ಉದ್ದದ ಶಾಫ್ಟಿಗೆ ಮಾತ್ರ ಇದೊಂದೇ ಸಾಲದು. ಒಂದು ತುದಿಯ ಮೇಲ್ಗಡೆಯೂ ಇನ್ನೊಂದು ತುದಿಯ ಕೆಳಗಡೆಯೂ ಸಮ ತೂಕ ಇದ್ದರೆ, ನಿಂತಾಗ ಸರಿ, ತಿರುಗಿದಾಗ ಎರಡು ತುದಿಯೂ ಎದುರುಬದುರಾಗಿ ಜಗ್ಗುತ್ತವೆ. ಆದ್ದರಿಂದ ಎರಡೂ ತುದಿಯಲ್ಲಿ ತಿರುಗಿಸಿಯೇ ನೋಡಬೇಕು.

ಕೆರೆಯುವ ಕೆಲಸಕ್ಕೆ ಒಂದು ಮಧ್ಯಾಹ್ನ ಹಿಡಿಯಿತು. ಸೀಮೆಎಣ್ಣೆಯಲ್ಲಿ ನೆನೆದ ಬಟ್ಟೆ ಸುತ್ತಿ ಮೆತ್ತಗೆ ಮಾಡಿ, ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದೆವು. ಕಬ್ಬಿಣದ ಉಳಿ ಬಳಸಲು ಉಸ್ತಾದರು ಬಿಡಲಿಲ್ಲ. ಕೊಳವೆಗೆ ಗೀರು ಬೀಳಬಾರದು, ಮುಖ್ಯವಾಗಿ ಕಾರ್ಖಾನೆಯಲ್ಲೇ ಬೆಸೆದ ಸಣ್ಣ ತಗಡಿನ ತೂಕದ ಚೂರುಗಳು ಕಿತ್ತುಬರಬಾರದು. ಕ್ರಾಸಿನ ರಬ್ಬರ್ ಸೀಲಿಗೆ ಎಣ್ಣೆ ತಾಗದಂತೆ ಪ್ಲಾಸ್ಟಿಕ್ ಕಟ್ಟಿದ್ದೆವು. ಕೆರೆದದ್ದನ್ನೆಲ್ಲ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿದರೆ 110 ಗ್ರಾಂ. ಅದೇ ಸಂಜೆ ಅದೇ ರಸ್ತೆ, ಅದೇ 75. ಶಿಖರದ ಎತ್ತರ 0.9ರಿಂದ 0.3ಕ್ಕೆ ಇಳಿದಿತ್ತು, ಅಳತೆ ಮೀಟರ್ ಪ್ರತಿ ಸೆಕೆಂಡ್ ವರ್ಗದಲ್ಲಿ. ನಡುವಿನ ಸೀಟಿನಲ್ಲಿ ಕುಳಿತ ಮಾಮಿ “ಈಗ ಮಾತಾಡಿದ್ರ ದನಿ ನಡುಗಂಗಿಲ್ಲ” ಎಂದರು.

ಉಳಿದ 0.3 ಕೂಡ ಬೇಡವೆಂದು ಉಸ್ತಾದರು ಹೋಸ್ ಕ್ಲಿಪ್ಪಿನ ಉಪಾಯ ಮಾಡಿದರು. ರೇಡಿಯೇಟರ್ ಪೈಪಿಗೆ ಬಿಗಿಯುವ ಸ್ಟೀಲ್ ಪಟ್ಟಿ, ಅದರ ಸ್ಕ್ರೂ ಇರುವ ತಲೆ ಕೆಲವೇ ಗ್ರಾಂ ಭಾರ. ಶಾಫ್ಟಿನ ಹಿಂದಿನ ತುದಿಯ ಸುತ್ತ ಸುಣ್ಣದಿಂದ 1, 2, 3, 4 ಎಂದು ಗುರುತು ಹಾಕಿ, ಕ್ಲಿಪ್ಪಿನ ತಲೆಯನ್ನು ಒಂದೊಂದು ಗುರುತಿಗೆ ತಂದು ಬಿಗಿದು, ಪ್ರತಿ ಸಲವೂ ಓಡಿಸಿ ಅಳೆದೆವು. ಒಂದರಲ್ಲಿ 0.42, ಎರಡರಲ್ಲಿ 0.34, ಮೂರರಲ್ಲಿ 0.18, ನಾಲ್ಕರಲ್ಲಿ 0.29. ಮೂರರ ಕಡೆ ತೂಕ ಕಡಿಮೆ ಇದೆ ಎಂದು ಸಂಖ್ಯೆಗಳೇ ಹೇಳುತ್ತವೆ. ಮೂರಕ್ಕೂ ನಾಲ್ಕಕ್ಕೂ ನಡುವೆ, ಮೂರಕ್ಕೆ ಹತ್ತಿರ, ಎರಡು ಕ್ಲಿಪ್ಪು ಹಾಕಿದೆವು. ಎರಡು ಕ್ಲಿಪ್ಪಿನ ತಲೆಗಳನ್ನು ಒಂದೇ ಕಡೆ ಇಟ್ಟರೆ ಪೂರ್ತಿ ತೂಕ, ಎದುರುಬದುರು ಇಟ್ಟರೆ ಸೊನ್ನೆ, ನಡುವೆ ಎಷ್ಟು ಬೇಕೋ ಅಷ್ಟು ಅಗಲಿಸಿ ಎಷ್ಟು ತೂಕ ಬೇಕಾದರೂ ಪಡೆಯಬಹುದು. ಸದಿಶಗಳ ಸಂಕಲನವನ್ನು ನಾನು ಪರೀಕ್ಷೆಗೆ ಓದಿದ್ದೆ, ಸ್ಕ್ರೂಡ್ರೈವರಿನಿಂದ ಮಾಡಿದ್ದು ಇದೇ ಮೊದಲು. ಕೊನೆಗೆ 0.08ಕ್ಕೆ ನಿಂತಿತು. ರಸ್ತೆಯ ಒರಟುತನಕ್ಕಿಂತ ಅದು ಬೇರೆಯಾಗಿ ತಿಳಿಯುವುದೇ ಇಲ್ಲ.

ಕ್ಲಿಪ್ಪನ್ನು ಕೊಯ್ಯದೆ ಬೆಸೆಯದೆ ಹಾಕಿದ್ದೇವೆ, ಬೇಕಾದರೆ ಒಂದು ನಿಮಿಷದಲ್ಲಿ ತೆಗೆಯಬಹುದು. ವಾರಂಟಿ ಇರುವ ಗಾಡಿಗೆ ಇದು ಮುಖ್ಯ. ಶಾಫ್ಟ್ ಬಾಗಿದ್ದರೆ ಈ ಉಪಾಯ ಸಾಗದು, ಬ್ಯಾಲೆನ್ಸಿಂಗ್ ಯಂತ್ರ ಇರುವ ವರ್ಕ್‌ಶಾಪಿಗೆ ಕೊಡಬೇಕು. ಉದ್ದದ ಗಾಡಿಗಳಲ್ಲಿ ಶಾಫ್ಟ್ ಎರಡು ತುಂಡು ಇದ್ದು ನಡುವೆ ಸೆಂಟರ್ ಬೇರಿಂಗ್ ಇರುತ್ತದೆ. ಅಲ್ಲಿ ಅದರ ರಬ್ಬರು ಹರಿದಿದೆಯೇ ಎಂದು ಮೊದಲು ನೋಡುವುದು.

ಮನೆಯಲ್ಲಿ ಸಣ್ಣ ಕಾರು ಇರುವವರು ತಮ್ಮ ಗಾಡಿಯ ಕೆಳಗೆ ಶಾಫ್ಟ್ ಹುಡುಕುವುದು ಬೇಡ. ಅವುಗಳಲ್ಲಿ ಹೆಚ್ಚಿನವು ಮುಂದಿನ ಗಾಲಿಯಿಂದ ಓಡುವಂಥವು. ಗೇರ್‌ಬಾಕ್ಸಿನಿಂದ ನೇರ ಗಾಲಿಗೆ ಎರಡು ಗಿಡ್ಡ ಆಕ್ಸಲ್ ಹೋಗುತ್ತವೆ, ಅವು ಗಾಲಿಯಷ್ಟೇ ವೇಗದಲ್ಲಿ ತಿರುಗುತ್ತವೆ. ಆದ್ದರಿಂದ ಎಣಿಕೆಯಿಂದ ಗಾಲಿಯನ್ನೂ ಆಕ್ಸಲನ್ನೂ ಬೇರೆ ಮಾಡಲಾಗದು. ಅಲ್ಲಿ ಬೇರೆ ಪರೀಕ್ಷೆ: ಆಕ್ಸಲರೇಟರ್ ಒತ್ತಿದಾಗ ನಡುಗಿ ಬಿಟ್ಟಾಗ ನಿಂತರೆ ಒಳಗಿನ ಜಾಯಿಂಟಿನ ಮೇಲೆ ಅನುಮಾನ, ಪೂರ್ತಿ ತಿರುವಿನಲ್ಲಿ ‘ಟಕ ಟಕ’ ಎಂದರೆ ಹೊರಗಿನದು, ಒತ್ತಿದರೂ ಬಿಟ್ಟರೂ ಒಂದೇ ಥರ ಇದ್ದರೆ ಗಾಲಿ.

ಮಾಮು ಈಗ ಪ್ರತಿ ಆಯಿಲ್ ಬದಲಿಯ ಹೊತ್ತಿಗೆ ಕ್ಲಿಪ್ಪಿನ ಬಿಗಿ ನೋಡಿಸುತ್ತಾರೆ. ಬಿಟ್ಟುಹೋಗಿದ್ದ ಇಬ್ಬರು ಗಿರಾಕಿಗಳಲ್ಲಿ ಒಬ್ಬರು ಮರಳಿ ಬಂದಿದ್ದಾರೆ. ಮೂರು ಓಟಗಳ ಆಲೇಖವನ್ನು, ಅಂದರೆ ಮಣ್ಣಿನ ಮುಂಚೆ, ಕೋಟಿಂಗ್ ಕೆರೆದ ಮೇಲೆ, ಕ್ಲಿಪ್ಪು ಹಾಕಿದ ಮೇಲಿನದನ್ನು, ಭೌತಶಾಸ್ತ್ರ ಪ್ರಯೋಗಾಲಯದ ಬೋರ್ಡಿಗೆ ಅಂಟಿಸಿದ್ದೇವೆ. ಮನೆಯ ಗಾಡಿ ನಡುಗುತ್ತಿದ್ದರೆ ಟೈರು ಒಂದು ಸುತ್ತಿಗೆ ಎಷ್ಟು ದೂರ ಹೋಗುತ್ತದೆ ಎಂದು ಅಳೆದುಕೊಂಡು ಬನ್ನಿ, ಉಳಿದ ಲೆಕ್ಕವನ್ನು ಮಧ್ಯಾಹ್ನದ ಬಿಡುವಿನಲ್ಲಿ ಕೂಡಿ ಹಾಕೋಣ.